ಲೈಟ್ ಚೀಸ್ ಸ್ಲೈಸ್, ಲೋ ಫ್ಯಾಟ್ ಪನೀರ್, ಮತ್ತ ನಮ್ಮನಿ ಒಡಕು ಹಾಲು

ಡಯಟ್‌ಗೆ ಇವು ಮೂರರಾಗ ಯಾವುದು ಛಲೋ ಅಂದ್ರ, ಮೊದಲ ಹೇಳಿಬಿಡ್ತೀನಿ, ನಾ ಮನ್ಯಾಗ ಮಾಡಿದ ಪನೀರ್ ಕಡೆ. ಅಲ್ಲಿಗೆ ಬರೂತನಕಾ ಎರಡು ತಿಂಗಳು ಪುಣೆಯ ಕೊಥ್ರೂಡಿನ ಅಂಗಡಿ ಅಂಗಡಿ ತಿರುಗಿ ರೊಕ್ಕ ಹಾಳು ಮಾಡೀನಿ.

ಡಯಟ್ ಚಾರ್ಟಿನಾಗ ಮುಂಜಾನೆ ಎರಡು ಬ್ರೆಡ್, ಒಂದು ಲೋ ಫ್ಯಾಟ್ ಚೀಸ್ ಸ್ಲೈಸ್ ಅಂತಿತ್ತು. ಲೈಟ್ ಅಂತ ಬರದಿದ್ದ ಪಾಕೀಟು ತಂದೆ. ಮಾಮೂಲಿ ಸ್ಲೈಸಿನಾಗ ಕೊಬ್ಬು 5 ಗ್ರಾಂ ಹತ್ರ ಇತ್ತು, ಇದರಾಗ ಅರ್ಧ. ತವಾ ಮ್ಯಾಲೆ ಇಟ್ಟೆ, ಕರಗವಲ್ತು! ಬ್ರೆಡ್ ಕರ್ರಗಾತು, ಸ್ಲೈಸ್ ಮಾತ್ರ ಮೂಲಿ ಎತ್ತಿಕೊಂಡು, ಮ್ಯಾಲೆ ಹೊಳೆಯೋ ತೊಗಲು ಕಟ್ಟಿಕೊಂಡು, ಹಸಿ ಹಪ್ಪಳದ ಹಂಗ ಕೂತಿತ್ತು. ಮಗಳು ಬೆರಳಿಂದ ಎತ್ತಿ ನೋಡಿ, "ಅಮ್ಮ, ಪ್ಲಾಸ್ಟಿಕ್ ತೆಗದೇ ಇಲ್ಲಲಾ" ಅಂದ್ಲು. ತೆಗದಿದ್ದೆ ರೀ.

ಆಮ್ಯಾಲೆ ತಿಳೀತು, ಚೀಸ್ ಅಂದ್ರ ಹಾಲಿನ ಪ್ರೋಟೀನಿನ ಜಾಳಿಗಿ, ನಡುನಡು ಕೊಬ್ಬು. ಕಾಯಿಸಿದ್ರ ಆ ಕೊಬ್ಬು ಕರಗಿ ಜಾಳಿಗಿ ಸಡಿಲಾಗಿ ಹರೀತದ. ಕೊಬ್ಬ ತೆಗದ್ರ ಏನು ಹರೀಬೇಕು, ಮ್ಯಾಲಿನ ನೀರು ಆರಿ ತೊಗಲಾಗ್ತದ ಅಷ್ಟ. ಉರಿ ಸಣ್ಣ ಮಾಡಿದೆ, ಮುಚ್ಚಳ ಮುಚ್ಚಿದೆ. ಸಣ್ಣಗ ತುರದು ನೀರು ಚುಮುಕಿಸಿ ಮುಚ್ಚಿದಾಗ ಅಷ್ಟಿಷ್ಟು ಮೆತ್ತಗಾತು, ಆದ್ರ ಮುಂಜಾನೆ ಏಳೂವರಿಗೆ ಟಿಫಿನ್ ಡಬ್ಬಿ ಕಟ್ಟೋ ಹೊತ್ತಿನಾಗ ಯಾರು ತುರೀತಾರ? ಕಡೀಗೆ ಒಂದು ಚಮಚ ಬೆಣ್ಣಿ ಹಾಕಿಬಿಟ್ಟೆ. 5 ಗ್ರಾಂ ಬೆಣ್ಣ್ಯಾಗ 4 ಗ್ರಾಂ ಕೊಬ್ಬು! ಉಳಿಸಿದ್ದಕ್ಕಿಂತ ಹೆಚ್ಚು ಹೊಟ್ಟಿಗೆ ಹೋತು. ಮ್ಯಾಲೆ ಸ್ಲೈಸಿನಾಗಿನ ಉಪ್ಪಿಗೆ ದಿನಾ ಪೂರ್ತಿ ನೀರಡಿಕಿ.

ಡೇರಿ ಲೋ ಫ್ಯಾಟ್ ಪನೀರ್: ಹಲ್ಲಿಗೆ ಕಚಕಚ, ಬಿಸಿನೀರಾಗ ನೆನೆಸಿದ್ರ ಪಲ್ಯಾಕ್ಕ ನಡೀತದ. ಫೆಟಾ ಚೀಸ್ ತುಟ್ಟಿ, ಉಪ್ಪೂ ಹೌದು. ಮೊಝರೆಲ್ಲಾ ಮಾತ್ರ ಚೆಡ್ಡಾರಿಗಿಂತ ಕೊಬ್ಬು ಕಡಿಮಿ ಇದ್ರೂ ಚಂದ ಕರಗ್ತದ, ಹುಟ್ಟಿದಹಬ್ಬಕ್ಕ ಇರಲಿ. ಯಾವುದು ತಂದ್ರೂ ಹಿಂದಿನ ಸಣ್ಣ ಅಕ್ಷರ ಓದ್ರಿ, ವನಸ್ಪತಿ ಎಣ್ಣಿ ಅಂತಿದ್ರ ಅದು ಚೀಸೂ ಅಲ್ಲ, ಪನೀರೂ ಅಲ್ಲ.

ಈಗ ನಂದು. ಒಂದು ಲೀಟರ್ ಡಬಲ್ ಟೋನ್ಡ್ (ಕೊಬ್ಬು ಕಡಿಮಿ ಮಾಡಿದ) ಹಾಲು ಕಾಯಿಸಿ, ಅರ್ಧ ಲಿಂಬಿಹಣ್ಣು ಹಿಂಡಿ, ಅರಿವ್ಯಾಗ ಸೋಸಿ, ಮ್ಯಾಲೆ ನಮ್ಮವ್ವ ಕೊಟ್ಟ ಖಲಬತ್ತಾ (ಕುಟ್ಟಾಣಿ) ಹೇರಿ ಇಡ್ತೀನಿ. 140 ಗ್ರಾಂ ಹತ್ರ ಬರ್ತದ. ಆ ಹಾಲಿನಾಗ ಕೊಬ್ಬು 1.5 ಪರ್ಸೆಂಟ್, ಅಂದ್ರ ಲೀಟರಿಗೆ 15 ಗ್ರಾಂ, ಅಷ್ಟೂ ಪನೀರಿನಾಗ ಬಂತು ಅಂದ್ಕೊಂಡ್ರೂ ನೂರು ಗ್ರಾಂಗೆ 11 ಒಳಗ. ಅಂಗಡಿ ಮಾಮೂಲಿ ಪನೀರಿನಾಗ 20 ದಾಟ್ತದ. ಹಾಂ, ಸರ್ಕಾರದ ಲೆಕ್ಕದಾಗ ನಂದು ಲೋ ಫ್ಯಾಟ್ ಅನ್ನಂಗಿಲ್ಲ, ಅದಕ್ಕ ನೀರು ಬಿಟ್ಟು ಉಳಿದ ಒಣ ಅಂಶದಾಗ ಕೊಬ್ಬು 15 ಪರ್ಸೆಂಟ್ ಮೀರಬಾರದು. ನನಗೇನೂ ಬ್ಯಾಸರಿಲ್ಲ. ಇದು ಕರಗಂಗಿಲ್ಲ ಖರೆ, ಆದ್ರ ಪುಡಿ ಮಾಡಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಬ್ರೆಡ್ಡಿಗೆ ಹಚ್ಚಿದ್ರ ಕರಗೂ ಮಾತ ಬರಂಗಿಲ್ಲ. ಸೋಸಿದ ನೀರು ಚಪಾತಿ ಹಿಟ್ಟಿಗೆ. ಒಂದು ಪಾಕೀಟು ಲೈಟ್ ಸ್ಲೈಸಿನ ರೊಕ್ಕದಾಗ ಎರಡು ಮೂರು ಲೀಟರ್ ಹಾಲು ಬರ್ತದ.

ತ್ರಾಸ ಒಂದ, ನಮ್ಮ ಓಣಿ ಡೇರಿಯವ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲಾ ಹಾಕ್ತಾನ, ಅದರಾಗ ಡಬಲ್ ಟೋನ್ಡ್ ದಿನಾ ಇರಂಗಿಲ್ಲ. ಆವತ್ತು ಆಕಳ ಹಾಲು ತಂದು, ಕಾಯಿಸಿ, ರಾತ್ರಿ ಫ್ರಿಜ್ಜಿನಾಗಿಟ್ಟು ಕೆನಿ ತೆಗದು ಮಾಡ್ತೀನಿ. ಆ ಕೆನಿ ತುಪ್ಪಕ್ಕ ಅಂತ ಡಬ್ಬಿ ತುಂಬಿಸಿಡ್ತೀನಿ, ಅದನ್ನ ಯಾರು ತಿಂತಾರ ಅಂತ ಡಯಟಿಷಿಯನ್‌ಗೆ ಇನ್ನೂ ಹೇಳಿಲ್ಲ.