ಪ್ಯಾಕ್ಟ್ ಥೆರಪಿ: ಹಣ ಕಟ್ಟುವ ಮುನ್ನ ಪೋಷಕರು ತಿಳಿದಿರಬೇಕಾದದ್ದು

ಆಟಿಸಂ ಇರುವ ಮಕ್ಕಳ ಥೆರಪಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಗು ಒಳಗೆ ಹೋಗುತ್ತದೆ, ತಂದೆತಾಯಿ ಹೊರಗಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತ ಕಾಯುತ್ತಾರೆ. ಇಂಗ್ಲೆಂಡಿನಲ್ಲಿ ರೂಪುಗೊಂಡ ಪ್ಯಾಕ್ಟ್ ಎಂಬ ವಿಧಾನದಲ್ಲಿ ಥೆರಪಿಸ್ಟ್ ಮಗುವಿನ ಜೊತೆ ನೇರವಾಗಿ ಕೆಲಸ ಮಾಡುವುದೇ ಇಲ್ಲ. ಮನೆಯವರು ಮಗುವಿನೊಡನೆ ಆಡುವುದನ್ನು ಕೆಲವು ನಿಮಿಷಗಳ ಕಾಲ ವಿಡಿಯೊ ಮಾಡಲಾಗುತ್ತದೆ. ಅನಂತರ ಥೆರಪಿಸ್ಟ್ ಮತ್ತು ಮನೆಯವರು ಜೊತೆಯಾಗಿ ಕುಳಿತು ಅದನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಮತ್ತೆ ನೋಡುತ್ತಾರೆ. ನಾಲ್ಕು ತುಂಬಿದ ನಮ್ಮ ಮಗನಿಗಾಗಿ ಬೆಂಗಳೂರಿನ ಕೇಂದ್ರವೊಂದರಿಂದ ಈ ಸೇವೆಯನ್ನು ಮೈಸೂರಿನ ಮನೆಯಲ್ಲಿದ್ದುಕೊಂಡೇ ಆನ್‌ಲೈನ್ ಮೂಲಕ ಪಡೆಯುತ್ತಿದ್ದೇವೆ. ವಿಧಾನ ಚೆನ್ನಾಗಿದೆ, ಅದನ್ನು ಮಾರುವ ರೀತಿ ಅಷ್ಟು ಚೆನ್ನಾಗಿಲ್ಲ.

ಕೆಲಸ ನಡೆಯುವುದು ಹೇಗೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಡುಗೆಮನೆಯ ನೆಲದ ಮೇಲೆ ಕುಳಿತು ಸ್ಟೀಲ್ ಡಬ್ಬಿಯ ಮುಚ್ಚಳ ತಿರುಗಿಸುವುದು ನಮ್ಮ ಮಗನಿಗೆ ಎಲ್ಲ ಆಟಿಕೆಗಳಿಗಿಂತ ಪ್ರಿಯ. ಒಂದು ವಿಡಿಯೊದಲ್ಲಿ ಅವನೆದುರು ಅವನ ಅಜ್ಜಿ ಕುಳಿತಿದ್ದಾರೆ. ಮುಚ್ಚಳ ತಿರುಗಿ ತಿರುಗಿ ನೆಲಕ್ಕೆ ಬಿದ್ದು ಸದ್ದು ನಿಂತಾಗ ಅಜ್ಜಿ ಏನನ್ನೂ ಕೇಳುವುದಿಲ್ಲ, ಸುಮ್ಮನೆ ಕಾಯುತ್ತಾರೆ. ಅವನು ಮುಚ್ಚಳವನ್ನು ಬೆರಳಿನಿಂದ ಅವರ ಕಡೆ ಅರ್ಧ ಗೇಣಿನಷ್ಟು ತಳ್ಳುತ್ತಾನೆ. ‘ಬಿತ್ತು! ಅಜ್ಜಿ ತಿರುಗಿಸ್ಲಾ?’ ಎಂದು ಅವರು ತಿರುಗಿಸುತ್ತಾರೆ. ಅವನು ಮುಚ್ಚಳ ನೋಡಿ, ಅಜ್ಜಿಯ ಮುಖ ನೋಡಿ, ಮತ್ತೆ ಮುಚ್ಚಳ ನೋಡುತ್ತಾನೆ. ಒಟ್ಟು ಐದಾರು ಸೆಕೆಂಡಿನ ಸಂಗತಿ. ಥೆರಪಿಸ್ಟ್ ಅಲ್ಲಿಯೇ ವಿಡಿಯೊ ನಿಲ್ಲಿಸಿ, ‘ಅಮ್ಮ, ಇಲ್ಲಿ ಅವನು ನಿಮ್ಮನ್ನು ಏನು ಕೇಳಿದ ಅಂತ ಅನ್ನಿಸಿತು?’ ಎಂದು ನಮ್ಮ ಅತ್ತೆಯವರನ್ನು ಕೇಳಿದರು. ‘ನೀನು ತಿರುಗಿಸು ಅಂದ’ ಎಂದರು ಅತ್ತೆ, ಇದರಲ್ಲಿ ಕೇಳುವುದೇನಿದೆ ಎಂಬ ಧಾಟಿಯಲ್ಲಿ. ಆ ವಾರದ ಅಭ್ಯಾಸ ಅಲ್ಲಿಂದಲೇ ಹುಟ್ಟಿತು: ಅವನು ನೋಡುತ್ತಿರುವುದನ್ನೇ ನಾವೂ ನೋಡುವುದು, ಪ್ರಶ್ನೆ ಕಡಿಮೆ ಮಾಡುವುದು, ಅವನ ಸರದಿಗಾಗಿ ಕಾಯುವುದು.

ಇಂತಹ ತಣ್ಣನೆಯ, ತಾಳ್ಮೆಯ ನೋಟಕ್ಕಾಗಿಯೇ ಈ ಸೇವೆಗೆ ಹಣ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಥೆರಪಿಸ್ಟ್ ಆರಿಸುವ ತುಣುಕುಗಳು ಬಹುಮಟ್ಟಿಗೆ ಸರಿಯಾಗಿ ನಡೆದ ಗಳಿಗೆಗಳೇ ಆಗಿರುತ್ತವೆ. ಆಟಿಸಂ ಎಂದು ತಿಳಿದ ದಿನದಿಂದ ತಮ್ಮಲ್ಲೇ ತಪ್ಪು ಹುಡುಕಿ ಸೋತಿರುವ ತಂದೆತಾಯಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಮೊದಲು ಪರಸ್ಪರ ಗಮನ, ಆಮೇಲೆ ಮಗುವಿಗೆ ಹೊಂದಿಕೊಂಡು ಪ್ರತಿಕ್ರಿಯಿಸುವುದು, ಆಮೇಲೆ ಮಗುವಿನ ಮಟ್ಟಕ್ಕೆ ತಕ್ಕ ಮಾತು, ಹೀಗೆ ಹಂತಗಳಿವೆ, ಮತ್ತು ಒಂದು ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವುದಿಲ್ಲ. ಮೂಲ ಕ್ರಮದಲ್ಲಿ ಆರು ತಿಂಗಳು ಹದಿನೈದು ದಿನಕ್ಕೊಂದು ಸೆಷನ್, ಅನಂತರದ ಆರು ತಿಂಗಳು ತಿಂಗಳಿಗೊಂದು, ಜೊತೆಗೆ ಮನೆಯಲ್ಲಿ ದಿನಕ್ಕೆ ಸುಮಾರು 30 ನಿಮಿಷದ ಅಭ್ಯಾಸ. ವಾರಕ್ಕೆ ಇಪ್ಪತ್ತು, ಮೂವತ್ತು ಗಂಟೆ ಕೇಳುವ ಕಾರ್ಯಕ್ರಮಗಳ ಪಕ್ಕದಲ್ಲಿ ಇದು ಹಗುರ, ಆದರೆ ಆ ಅರ್ಧ ಗಂಟೆಯನ್ನು ಬೇರೆ ಯಾರೂ ನಿಮ್ಮ ಪರವಾಗಿ ಮಾಡಿಕೊಡಲಾರರು.

ಕೇಂದ್ರಗಳ ಕರಪತ್ರಗಳು ಸರಿಯಾಗಿ ಹೇಳದ ವಿಷಯವೆಂದರೆ ಫಲಿತಾಂಶ. ಲಂಡನ್, ಮ್ಯಾಂಚೆಸ್ಟರ್ ಮತ್ತು ನ್ಯೂಕಾಸಲ್‌ಗಳಲ್ಲಿ ಐದು ವರ್ಷದೊಳಗಿನ 152 ಮಕ್ಕಳೊಡನೆ ನಡೆದ ಪ್ರಯೋಗ 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೋಷಕರು ಮಗುವಿಗೆ ಪ್ರತಿಕ್ರಿಯಿಸುವ ರೀತಿ ಸ್ಪಷ್ಟವಾಗಿ ಸುಧಾರಿಸಿತ್ತು, ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದೂ ಹೆಚ್ಚಿತ್ತು, ಆದರೆ ಆಟಿಸಂ ಲಕ್ಷಣಗಳ ಅಳತೆಯಲ್ಲಿ ಖಚಿತವಾದ ವ್ಯತ್ಯಾಸ ಕಂಡಿರಲಿಲ್ಲ. ಅದೇ ಮಕ್ಕಳಲ್ಲಿ ಹೆಚ್ಚಿನವರನ್ನು ಸುಮಾರು ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಲಕ್ಷಣಗಳ ತೀವ್ರತೆ ಕಡಿಮೆಯಾಗಿದ್ದದ್ದು ಕಂಡುಬಂತು. ಕರಪತ್ರಗಳು ಉಲ್ಲೇಖಿಸುವುದು ಇದನ್ನೇ. ಆತಂಕ ಮತ್ತು ಕಷ್ಟದ ವರ್ತನೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ, ಮನೆ ಮತ್ತು ಶಾಲೆ ಎರಡರಲ್ಲೂ 249 ಮಕ್ಕಳೊಡನೆ ನಡೆಸಿದ ಮುಂದಿನ ಪ್ರಯೋಗದಲ್ಲಿ (ಪ್ರಕಟಣೆ 2022) ಲಕ್ಷಣಗಳ ಮೇಲೆ ಪರಿಣಾಮ ಕಂಡುಬರಲಿಲ್ಲ ಎಂಬುದನ್ನೂ ಅವು ಬಿಟ್ಟುಬಿಡುತ್ತವೆ. ನಮಗೆ ಫೋನಿನಲ್ಲಿ ಸಿಕ್ಕ ಭರವಸೆ ‘ಆರು ತಿಂಗಳಲ್ಲಿ ಮಾತು ಬರುತ್ತದೆ’ ಎಂಬುದಾಗಿತ್ತು. ಅದನ್ನು ಹೇಳಿದವರು ಥೆರಪಿಸ್ಟ್ ಅಲ್ಲ, ಪ್ಯಾಕೇಜ್ ಮಾರುವ ಸಿಬ್ಬಂದಿ. ಥೆರಪಿಸ್ಟ್ ಮೊದಲ ಭೇಟಿಯಲ್ಲೇ ಆ ಮಾತನ್ನು ತಳ್ಳಿಹಾಕಿದರು.

ನಮ್ಮ ನಾಡಿಗೆ ಹೆಚ್ಚು ಹತ್ತಿರದ ಸಂಗತಿ ಬೇರೆಯಿದೆ. ಇದೇ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಒಗ್ಗಿಸಿ, ಪಾಸ್ ಎಂಬ ಹೆಸರಿನಲ್ಲಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳೊಡನೆ ಪ್ರಯೋಗಿಸಲಾಯಿತು. ಅಲ್ಲಿ ಸೆಷನ್ ನಡೆಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಪೋಷಕರ ಪ್ರತಿಕ್ರಿಯೆಯೂ ಮಕ್ಕಳು ತಾವಾಗಿ ಸಂವಹನಕ್ಕೆ ಬರುವುದೂ ಹೆಚ್ಚಿದವು. ವಿಚಿತ್ರವೆಂದರೆ ಪೋಷಕರು ಮತ್ತು ಮಗು ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಟ್ಟು ಕಳೆಯುವ ಸಮಯ ಕಡಿಮೆಯಾಯಿತು. ಫಲಿತಾಂಶ ಮಿಶ್ರವಾಗಿದ್ದರೂ, ತಾಲ್ಲೂಕು ಮಟ್ಟದಲ್ಲಿ ಸ್ಪೀಚ್ ಥೆರಪಿಸ್ಟ್ ಸಿಗದ ನಮ್ಮಂಥ ರಾಜ್ಯದಲ್ಲಿ ಈ ದಾರಿಯನ್ನು ಸರ್ಕಾರ ಗಂಭೀರವಾಗಿ ನೋಡಬಾರದೇ ಎಂದು ಅನ್ನಿಸದೆ ಇರುವುದಿಲ್ಲ. ಈಗ ಇದು ನಗರದವರ ಕೈಗೆಟುಕುವ ಖಾಸಗಿ ಸೇವೆಯಾಗಿಯೇ ಉಳಿದಿದೆ.

ಮಗುವಿನ ಆಸಕ್ತಿಯನ್ನು ಹಿಂಬಾಲಿಸುವ ಫ್ಲೋರ್‌ಟೈಮ್, ಪೋಷಕರಿಗೆ ಮಾರ್ಗದರ್ಶನ ನೀಡುವ ಆರ್‌ಡಿಐ ಕೂಡ ಇದೇ ಬಳಗದವು. ಆರ್‌ಡಿಐ ವಿಚಾರದಲ್ಲಿ ಈ ಮಟ್ಟದ ಪ್ರಯೋಗದ ಬೆಂಬಲವಿಲ್ಲ. ನಾವು ಪ್ಯಾಕ್ಟ್ ಆರಿಸಿಕೊಂಡದ್ದು ಮುಖ್ಯವಾಗಿ ಅದಕ್ಕೇ.

ಅಸಮಾಧಾನಗಳೂ ಇವೆ. ಕೈಪಿಡಿಯ ಉದಾಹರಣೆಗಳಲ್ಲಿ ಪ್ರತ್ಯೇಕ ಕೋಣೆ, ನೆಲಹಾಸು, ಒಬ್ಬ ತಾಯಿ, ಒಂದು ಮಗು ಇರುತ್ತಾರೆ. ನಮ್ಮ ಮನೆಯಲ್ಲಿ ಆ ಅರ್ಧ ಗಂಟೆಯೊಳಗೆ ಕುಕ್ಕರ್ ಕೂಗುತ್ತದೆ, ಹಾಲಿನವನು ಬರುತ್ತಾನೆ, ದೊಡ್ಡ ಮಗಳು ಹೋಮ್‌ವರ್ಕ್ ತರುತ್ತಾಳೆ. ಅಜ್ಜಿಯನ್ನೂ ಸೆಷನ್‌ಗೆ ಸೇರಿಸಿ ಎಂದು ನಾವೇ ಕೇಳಬೇಕಾಯಿತು. ಥೆರಪಿಸ್ಟ್ ಕೂಡಲೇ ಒಪ್ಪಿದರು, ಆದರೆ ಅಭ್ಯಾಸದ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿ ಬರುವುದರಿಂದ ಪ್ರತಿ ಬಾರಿ ಅವನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಕೆಲಸ ನಮ್ಮದೇ. ಭಾಷೆಯ ವಿಚಾರದಲ್ಲಿ ಮಾತ್ರ ಥೆರಪಿಸ್ಟ್‌ಗೆ ಪೂರ್ಣ ಅಂಕ ಕೊಡುತ್ತೇನೆ. ಹಿಂದೆ ಇನ್ನೊಂದು ಕಡೆ ‘ಇಂಗ್ಲಿಷ್ ಒಂದನ್ನೇ ಬಳಸಿ, ಮಗು ಗೊಂದಲಗೊಳ್ಳುತ್ತದೆ’ ಎಂದಿದ್ದರು. ಇವರು ಮನೆಯಲ್ಲಿ ಆಡುವ ಕನ್ನಡವನ್ನೇ ಆಡಿ ಎಂದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ತೊಂದರೆಯಾಗುತ್ತದೆ ಎಂಬುದನ್ನು ಅಧ್ಯಯನಗಳು ಸಮರ್ಥಿಸುವುದಿಲ್ಲ.

ಸೇರುವವರು ಮೊದಲೇ ಕೆಲವನ್ನು ಲಿಖಿತವಾಗಿ ಕೇಳಿಕೊಳ್ಳಬೇಕು. ಥೆರಪಿಸ್ಟ್ ಪ್ಯಾಕ್ಟ್ ತರಬೇತಿಯನ್ನು ಪೂರ್ಣಗೊಳಿಸಿದ್ದಾರೆಯೇ ಅಥವಾ ಹೆಸರನ್ನಷ್ಟೇ ಬಳಸುತ್ತಿದ್ದಾರೆಯೇ? ನಮ್ಮ ಮಕ್ಕಳ ವಿಡಿಯೊಗಳು ಎಲ್ಲಿರುತ್ತವೆ, ಯಾವಾಗ ಅಳಿಸಲ್ಪಡುತ್ತವೆ? ನಮಗೆ ಈ ಎರಡನೆಯ ಪ್ರಶ್ನೆಗೆ ಉತ್ತರ ಬರಲು ಹಲವು ಇಮೇಲ್‌ಗಳು ಬೇಕಾದವು. ಪೂರ್ತಿ ಪ್ಯಾಕೇಜಿನ ಹಣವನ್ನು ಒಮ್ಮೆಗೇ ಕಟ್ಟದೆ ತಿಂಗಳ ಲೆಕ್ಕದಲ್ಲಿ ಕಟ್ಟುವುದು ಜಾಣತನ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಥೆರಪಿಗೆ ಅದರೊಳಗೆ ಪ್ರತ್ಯೇಕ ಮಿತಿಯಿದೆ. ಬಿಲ್ ಯಾವ ರೂಪದಲ್ಲಿರಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ.

ಬೆಳಿಗ್ಗೆ ಹೊರಟು ರಾತ್ರಿ ಮರಳುವ ಇಬ್ಬರು ಪೋಷಕರಿರುವ, ಹಗಲಿನಲ್ಲಿ ಮಗುವನ್ನು ಆಯಾ ನೋಡಿಕೊಳ್ಳುವ ಮನೆಗೆ ಇದನ್ನು ಶಿಫಾರಸು ಮಾಡಲು ನನಗೆ ಧೈರ್ಯವಿಲ್ಲ. ನಿದ್ರೆ, ಊಟ, ಶಬ್ದದ ಭಯ ಮುಂತಾದ ತೊಂದರೆಗಳೇ ಮುಂದಾಗಿರುವ ಮಗುವಿಗೆ ಓಟಿ (ದಿನನಿತ್ಯದ ಕೆಲಸಗಳಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿ) ಮತ್ತು ವೈದ್ಯರ ಸಲಹೆಯ ಬದಲಿಗೆ ಇದನ್ನು ಹಿಡಿಯುವುದೂ ಸರಿಯಲ್ಲ. ನಾವು ಓಟಿಯನ್ನು ನಿಲ್ಲಿಸಿಲ್ಲ. ದಿನದಲ್ಲಿ ಅರ್ಧ ಗಂಟೆ ನೆಲದ ಮೇಲೆ ಕೂರಬಲ್ಲ ಒಬ್ಬ ಹಿರಿಯರಿದ್ದು, ಮಗು ಇನ್ನೂ ಚಿಕ್ಕದಾಗಿದ್ದರೆ ಸೇರಬಹುದು. ನಮ್ಮ ಮಗನ ಮಾತು ಇನ್ನೂ ನಾಲ್ಕಾರು ಪದಗಳಲ್ಲೇ ಇದೆ, ಆದರೆ ಬೇಕಾದದ್ದನ್ನು ಕೈ ಹಿಡಿದು ಎಳೆದು ತೋರಿಸುವುದು, ತೋರಿಸಿದ ಮೇಲೆ ನಮ್ಮ ಮುಖ ನೋಡುವುದು ಮೊದಲಿಗಿಂತ ಹೆಚ್ಚಾಗಿದೆ. ತಿಂಗಳಿಗೊಂದರಂತೆ ಉಳಿದ ಸೆಷನ್‌ಗಳನ್ನು ಮುಂದುವರಿಸುತ್ತೇವೆ.