ದುಬಾರಿ ಔಷಧಿಯೋ, ತಾಡಪತ್ರಿಯೋ? ನನ್ನ ಗೋವಿನಜೋಳದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಳು ಒಣಗಿಸಲು ಹಾಸುವ ತಾಡಪತ್ರಿಗೆ. ಅದಕ್ಕೂ ಮುಂಚೆ ದುಡ್ಡು ಸುರಿದದ್ದು ಮಾತ್ರ ಔಷಧಿಗೆ.

ರಾಣೆಬೆನ್ನೂರಿನ ಕಡೆ ನಮ್ಮದು ಎರಡು ಎಕರೆ ಗೋವಿನಜೋಳ. ಎಲೆ ಒಣಗಿಸುವ ಬೂಷ್ಟು ರೋಗವಾದ ಎಲೆ ಅಂಗಮಾರಿಗೆ ಮ್ಯಾಂಕೋಜೆಬ್ ಎಂಬ ಔಷಧಿ ಹೊಡೆಯುತ್ತಿದ್ದೆ, ಲೀಟರ್ ನೀರಿಗೆ ಎರಡೂವರೆ ಗ್ರಾಂ. ಅಗ್ಗ. ಪುಡಿ ಸರಿಯಾಗಿ ಕದಡದಿದ್ದರೆ ನಾಝಲ್ ಕಟ್ಟುತ್ತದೆ, ಅಷ್ಟೇ. ಆಮೇಲೆ ಅಂಗಡಿಯವರ ಮಾತು ಕೇಳಿ ಅಜಾಕ್ಸಿಸ್ಟ್ರೋಬಿನ್, ಡೈಫೆನೋಕೊನಜೋಲ್ ಎಂಬ ಎರಡು ಬೂಷ್ಟುನಾಶಕಗಳಿರುವ ದುಬಾರಿ ಬಾಟಲಿ ತಂದೆ. ಎಲೆ ಕೊನೆಯವರೆಗೂ ಹಸಿರಾಗಿತ್ತು. ತೆನೆಯೂ ಚೆನ್ನಾಗಿ ತುಂಬಿತ್ತು, ಸುಳ್ಳು ಹೇಳಬಾರದು.

ಎಡವಿದ್ದು ಕಟಾವಿನ ಮೇಲೆ. ಇಷ್ಟು ದುಬಾರಿ ಔಷಧಿ ಹೊಡೆದಿದ್ದೇನೆ, ಇನ್ನು ಬೂಷ್ಟು ಎಲ್ಲಿಂದ ಬರಬೇಕು ಅಂದುಕೊಂಡೆ. ಅಕ್ಟೋಬರ್ ಮಳೆ. ಒಕ್ಕಿದ ಕಾಳನ್ನು ಟಾರು ರಸ್ತೆ ಮೇಲೆ ಹರವಿದೆ. ಟ್ರ್ಯಾಕ್ಟರ್ ಹತ್ತಿ ಒಂದಷ್ಟು ಒಡೆಯಿತು. ಸಂಜೆ ಮೋಡ ಕಂಡು ಗಡಿಬಿಡಿಯಲ್ಲಿ ಚೀಲಕ್ಕೆ ತುಂಬಿದೆ. ಹತ್ತು ದಿನ ಬಿಟ್ಟು ಬಂದ ವ್ಯಾಪಾರಿ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದ. ಕಾಳು ಬೆಚ್ಚಗಿತ್ತು. ಮುಷ್ಟಿ ತುಂಬ ಹಳದಿ ಹಸಿರು ಪುಡಿ. ಮಾತಾಡದೆ ಚೀಲದ ಬಾಯಿ ಕಟ್ಟಿ ಹೊರಟ.

ಅಂಥ ಪುಡಿ ಆಸ್ಪರ್ಜಿಲಸ್ ಬೂಷ್ಟಿನ ಗುರುತು. ಅದು ಬಿಡುವ ಅಫ್ಲಾಟಾಕ್ಸಿನ್ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಧಾನ್ಯದಲ್ಲಿ ನಮ್ಮ ದೇಶದ ಮಿತಿ ಕೆ.ಜಿ.ಗೆ 15 ಮೈಕ್ರೋಗ್ರಾಂ ಮಾತ್ರ. ಎಲೆಗೆ ಹೊಡೆದದ್ದು ಚೀಲದೊಳಗಿನ ಹಸಿ ಕಾಳನ್ನು ಕಾಯುತ್ತದೆ ಅಂತ ನಂಬಿದ್ದು ನನ್ನ ತಪ್ಪೇ, ಅಲ್ವಾ? 1995ರಲ್ಲಿ ದಖ್ಖನ್ನಿನ 27 ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಆಗಿತ್ತು. ಅಲ್ಲಿ ಸಿಕ್ಕಿದ್ದು ಫ್ಯುಮೊನಿಸಿನ್, ಬೇರೆ ಬೂಷ್ಟಿನ ವಿಷ.

ಮುಂದಿನ ಹಂಗಾಮಿಗೆ ಎರಡು ತಾಡಪತ್ರಿ ತಂದೆ. ತೇವಾಂಶದ ಮೀಟರ್ ಪಕ್ಕದ ಮನೆಯವರದ್ದು. ಇದರಲ್ಲೂ ಒಂದು ಕಾಟ ಇದೆ: ರಾತ್ರಿ ಹೊದಿಸಿಟ್ಟರೆ ಒಳಗೆ ಬೆವರುತ್ತದೆ. ಬಿಸಿಲು ಬಿದ್ದ ಕೂಡಲೇ ತೆಗೆದು ತಳದ ಕಾಳನ್ನು ಮೇಲಕ್ಕೆ ಕೆದಕಬೇಕು. ಮೀಟರನ್ನೂ ಮೇಲಿನ ಕಾಳಿಗೆ ಹಿಡಿದು ಖುಷಿಪಡಬಾರದು, ರಾಶಿಯ ನಡುವಿನದ್ದು ತೆಗೆಯಬೇಕು. ಮಾರುವುದಾದರೆ ತೇವಾಂಶ ಶೇ. 14ಕ್ಕೆ ಇಳಿಸುತ್ತೇನೆ, ಮನೆಗೆ ಇಡುವುದನ್ನು 12ಕ್ಕೆ.

ಅಂಗಮಾರಿ ಚುಕ್ಕೆ ಕಂಡರೆ ಈಗಲೂ ಮ್ಯಾಂಕೋಜೆಬ್ ಹೊಡೆಯುತ್ತೇನೆ. ದುಬಾರಿ ಬಾಟಲಿ ನನ್ನ ಎರಡು ಎಕರೆಗೆ ಜಾಸ್ತಿಯಾಯಿತು. ಅಪ್ಪ ಮಾತ್ರ ಇನ್ನೂ ರಸ್ತೆಯೇ ವಾಸಿ ಎನ್ನುತ್ತಾರೆ, ಟಾರಿನ ಕಾವಿಗೆ ಬೇಗ ಒಣಗುತ್ತದಂತೆ.