ಸೇತುವೆ ಕೆಳಗೆ ಬಾಡಿಗೆ ಡ್ರೋನ್ ಬಿಡಬೇಡಿ, ನನಗೆ ಆದದ್ದು ನಿಮಗೆ ಆಗಬಾರದು

ಮದುವೆ ಸೀಸನ್ ಶುರುವಾಗಿದೆ. ವಿಜಯಪುರ ಜಿಲ್ಲೆಯಲ್ಲಿ ಕೃಷ್ಣಾ ನದಿ ದಾಟುವ ಕೋಲ್ಹಾರ ಬ್ರಿಜ್ ಹತ್ತಿರ ಪ್ರೀ ವೆಡ್ಡಿಂಗ್ ಶೂಟ್ ಇಟ್ಟುಕೊಂಡವರು, ಅದರಲ್ಲೂ ಡ್ರೋನ್ ಕಂಬಗಳ ನಡುವೆ ನುಗ್ಗಿ ಆಚೆ ಹೋಗುವ ಶಾಟ್ ಬೇಕು ಅನ್ನುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. 45,000 ರೂಪಾಯಿ ಕಳೆದುಕೊಂಡು ಬರೆಯುತ್ತಿದ್ದೇನೆ. ದುಡ್ಡಿಗಿಂತ ಜಾಸ್ತಿ ಮರ್ಯಾದೆ ಹೋಗಿದೆ.

ನಾನು ಬಾಗಲಕೋಟೆಯವನು. ಆರು ವರ್ಷದಿಂದ ಮದುವೆ ವಿಡಿಯೋ ಮಾಡುತ್ತೇನೆ. ಸ್ವಂತ ಡ್ರೋನ್ ಇಲ್ಲ, ಬೇಕಾದಾಗ ಬಾಡಿಗೆಗೆ ತರುತ್ತೇನೆ. ನಮ್ಮ ಲೈನಿನಲ್ಲಿ ಎಲ್ಲರೂ ಹಾಗೇ ಅಲ್ವಾ? ಈ ಸಲ ಖಾಯಂ ಹುಡುಗನ ಡ್ರೋನ್ ಬೇರೆ ಮದುವೆಗೆ ಹೋಗಿತ್ತು. ಯಾರೋ ಹೇಳಿದರು ಅಂತ ವಿಜಯಪುರದ ಒಂದು ಅಂಗಡಿಗೆ ಹೋದೆ. ದಿನಕ್ಕೆ 2,500, ಡಿಪಾಜಿಟ್ 15,000.

ನಾನು ಬಾಯಿಬಿಟ್ಟು ಕೇಳಿದ್ದೆ. "ಬ್ರಿಜ್ ಕೆಳಗ ಹಾರಸೋದೈತ್ರಿ, ನಡೀತೈತೇನು?" ಅಂದೆ. ಅವನ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಯಾಕ ನಡ್ಯಾಂಗಿಲ್ರಿ ಸರ? ಸುತ್ತಕಡೆ ಸೆನ್ಸರ್ ಅದ. ತಾನ ತಪ್ಪಿಸ್ಕೊಂಡ ಹೋಗ್ತದ. ಏನರ ಆದ್ರೂ ಇನ್ಶೂರೆನ್ಸ್ ಅದ, ಟೆನ್ಶನ್ ತಗೋಬ್ಯಾಡ್ರಿ." ಮೊಬೈಲ್‌ನಲ್ಲಿ ಒಂದು ಪಿಡಿಎಫ್ ತೆರೆದು ನನ್ನ ಮುಂದೆ ಹಿಡಿದ. ಎರಡು ಸೆಕೆಂಡು ಇರಬೇಕು. ನಾನು ತಲೆ ಆಡಿಸಿದೆ. ಅಲ್ಲೇ ಕೆಟ್ಟೆ.

ಸಂಜೆ 5ರ ಹೊತ್ತಿಗೆ ಕೋಲ್ಹಾರದ ಕಡೆಯ ದಂಡೆಯಲ್ಲಿದ್ದೆವು. ಆಲಮಟ್ಟಿ ಹಿನ್ನೀರು ಇನ್ನೂ ಚೆನ್ನಾಗಿ ತುಂಬಿತ್ತು. 3 ಕಿಲೋಮೀಟರ್ ಹತ್ತಿರದ ಸೇತುವೆ ಅದು, ಸಾಲು ಕಂಬಗಳ ನಡುವಿಂದ ಬಿಸಿಲು ಬೀಳುತ್ತಿತ್ತು. ಯಾರಿಗಾದರೂ ಆಸೆ ಆಗುತ್ತದೆ. ಮೂರು ಸಲ ಮೇಲಿಂದ ಹಾರಿಸಿದೆ, ಒಳ್ಳೆ ಶಾಟ್ ಬಂದವು. ನಾಲ್ಕನೇ ಸಲ ಕೆಳಗೆ ಬಿಟ್ಟೆ.

ಸ್ಕ್ರೀನ್ ಮೇಲೆ ಡ್ರೋನಿಗೆ ಸಿಗುತ್ತಿರುವ ಸ್ಯಾಟಲೈಟ್ ಸಂಖ್ಯೆ 18 ಇತ್ತು. ಸೇತುವೆ ನೆರಳಿಗೆ ಬಂದ ಕೂಡಲೇ 11. ಆಮೇಲೆ 4. ಕೆಂಪು ಪಟ್ಟಿ ಬಂತು. ನಾನು ರಿಮೋಟ್‌ನ ಕಡ್ಡಿ ಮುಟ್ಟಿಲ್ಲ, ಡ್ರೋನ್ ತಾನೇ ಪಕ್ಕಕ್ಕೆ ಸರಿಯತೊಡಗಿತು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಕೂತು ತಿಳಿದುಕೊಂಡೆ, ಮೊದಲೇ ತಿಳಿದುಕೊಳ್ಳಬೇಕಿತ್ತು. ಡ್ರೋನ್ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು ಜಿಪಿಎಸ್ ಬಲದಿಂದ. ತಲೆ ಮೇಲೆ ಕಾಂಕ್ರೀಟ್ ಬಂದರೆ ಸ್ಯಾಟಲೈಟ್ ಸಿಗ್ನಲ್ ಹೋಯಿತು. ಆಗ ಹೊಟ್ಟೆ ಕೆಳಗಿನ ಕ್ಯಾಮೆರಾ ನೆಲದ ಗುರುತು ನೋಡಿ ಅದನ್ನು ಹಿಡಿದು ನಿಲ್ಲಿಸಬೇಕು. ಆದರೆ ಕೆಳಗೆ ಇರೋದು ನೀರು. ಅಲೆ ಸರಿಯುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಕ್ಯಾಮೆರಾಗೆ ಗುರುತೇ ಸಿಗುವುದಿಲ್ಲ. ಸೇತುವೆಯೊಳಗಿನ ಕಬ್ಬಿಣಕ್ಕೆ ದಿಕ್ಸೂಚಿಯೂ ದಾರಿ ತಪ್ಪಬಹುದು. ಆಮೇಲೆ ಗಾಳಿ ಎಳೆದ ಕಡೆಗೇ ಡ್ರೋನ್.

ಗಾಬರಿಯಲ್ಲಿ ಆಚೆ ತೆಗೆಯೋಣ ಅಂತ ಮುಂದೆ ಒತ್ತಿದೆ. ಮಧ್ಯೆ ಕಂಬ ಬಂತು. ರಿಮೋಟ್ ಸಿಗ್ನಲ್ ಕಟ್ಟಾಯಿತು. ಅಷ್ಟು ಹೊತ್ತಿಗೆ ಅದು ಆಚೆ ಅಂಚಿನ ಹತ್ತಿರ ಹೋಗಿರಬೇಕು, ಮತ್ತೆ ಸ್ಯಾಟಲೈಟ್ ಸಿಕ್ಕಿರಬೇಕು. ಸಿಗ್ನಲ್ ಹೋದರೆ ಡ್ರೋನ್ ಏನು ಮಾಡುತ್ತದೆ? ಹಾರಿದ ಜಾಗಕ್ಕೆ ತಾನೇ ವಾಪಸ್. ವಾಪಸ್ ಬರುವ ಮೊದಲು ಏನು ಮಾಡುತ್ತದೆ? ಸೆಟ್ ಮಾಡಿದ ಎತ್ತರಕ್ಕೆ ನೆಟ್ಟಗೆ ಮೇಲೆ ಏರುತ್ತದೆ. ಮೇಲೆ ಸೇತುವೆ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಆ ಡ್ರೋನಿಗೆ ಮುಂದೆ, ಹಿಂದೆ, ಕೆಳಗೆ ಸೆನ್ಸರ್ ಇದ್ದವು. ಮೇಲೆ ಇರಲಿಲ್ಲ. ಮೇಲೆ ಇರಲೇ ಇಲ್ಲ! ಸುತ್ತಕಡೆ ಅದ ಅಂದಿದ್ದನಲ್ಲ.

ರೆಕ್ಕೆ ಕಾಂಕ್ರೀಟಿಗೆ ಬಡಿದ ಸದ್ದು ದಂಡೆಗೂ ಕೇಳಿತು, ಟರ್ರ್ ಅಂತ. ಆಮೇಲೆ ನೀರಿಗೆ ಬಿತ್ತು. ಅದು ಬಿದ್ದ ಜಾಗದಿಂದ ಇಪ್ಪತ್ತು ಅಡಿ ದೂರದಲ್ಲಿ ಮೀನುಗಾರರ ಒಂದು ತೆಪ್ಪ ಇತ್ತು, ಅದರಲ್ಲಿ ಇಬ್ಬರಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಮೇಲೆ ಹೈವೇ, ಲಾರಿ, ಬಸ್ಸು. ಅಂಚು ದಾಟಿ ಏರಿ ಯಾರದೋ ಬೈಕಿಗೆ ಹೊಡೆದಿದ್ದರೆ? ಮದುವೆ ಹುಡುಗಿಯ ತಮ್ಮ ಮೊಸರಿನ ಗಡಿಗೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದ. "ಅಣ್ಣಾ, ಎಲ್ಲಿ ಹೋತು?" ಅಂದ. ನನ್ನ ಬಾಯಿಂದ ಮಾತೇ ಬರಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲ ಮಾತೇ, "80 ಸಾವಿರ ಆಗ್ತದ್ರಿ." ಇನ್ಶೂರೆನ್ಸ್ ಅಂದಿದ್ದಿರಲ್ಲ ಅಂದೆ. "ಅದು ಬ್ಯಾರೆದವ್ರಿಗೆ ಏಟಾದ್ರ ಕೊಡೂದ್ರಿ. ಡ್ರೋನಿಗೆ ಅಲ್ಲ." ಆ ಪಿಡಿಎಫ್ ಕಳಿಸಿ ಅಂದೆ. ಎರಡು ದಿನ ಸತಾಯಿಸಿ ಕಳಿಸಿದ. ಡ್ರೋನ್ ತೆಗೆದುಕೊಳ್ಳುವಾಗ ಗೀರು ಇದ್ದವೋ ಇಲ್ಲವೋ ಅಂತ ನಾನು ಫೋಟೋ ಹೊಡೆದಿಟ್ಟಿದ್ದೆ. ಬ್ಯಾಟರಿ ತೆಗೆದರೆ ಒಳಗೆ ಕಾಣುತ್ತದಲ್ಲ, ಸೀರಿಯಲ್ ನಂಬರ್ ಚೀಟಿ, ಅದೂ ಫೋಟೋದಲ್ಲಿ ಬಂದಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದೆ. ನಂಬರೇ ಬೇರೆ. ಆ ಕಾಗದ ಬೇರೆ ಯಾವುದೋ ಡ್ರೋನಿಂದು! ತೆಪ್ಪದವರಿಗೆ ಏಟಾಗಿದ್ದರೂ ಒಂದು ಪೈಸೆ ಬರುತ್ತಿರಲಿಲ್ಲ. ಆ ಕ್ಷಣ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು.

ಕೇಳಿದರೆ, "ಹೌದೇನ್ರಿ? ನಮ್ಮ ಹುಡುಗ ತಪ್ಪಿ ಕಳಿಸಿರ್ಬೇಕು." ಸರಿಯಾದದ್ದು ಇವತ್ತಿನವರೆಗೂ ಬಂದಿಲ್ಲ. ಖರೀದಿ ಬಿಲ್ ಕೇಳಿದೆ. "ಬಿಲ್ ಯಾರ ಕೊಡ್ತಾರ್ರಿ ಡ್ರೋನಿಗೆ?" ಅಂದ. ಇದು ಹೊರದೇಶದ ಡ್ರೋನ್, ಅಂಥವುಗಳ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧ ಇದೆ. ಯಾವಾಗ ತಂದದ್ದು, ಎಷ್ಟಕ್ಕೆ ತಂದದ್ದು ಅಂತ ಒಂದು ಚೀಟಿಯೂ ಇಲ್ಲದೆ 80 ಸಾವಿರ ಯಾವ ಲೆಕ್ಕ?

ಪೊಲೀಸರಿಗೆ ಹೇಳುತ್ತೇನೆ ಅಂದೆ. ಆಗ ಅವನು ನಿಧಾನಕ್ಕೆ ಹೇಳಿದ, "ಹೋಗ್ರಿ ಸರ. ಮೊದಲ ನಿಮ್ಮ ಲೈಸೆನ್ಸ್ ಕೇಳ್ತಾರ."

ಇಲ್ಲೇ ನಾನು ಸಿಕ್ಕಿಬಿದ್ದೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ ಡ್ರೋನನ್ನು ದುಡಿಮೆಗೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ ಬೇಕು. ಇದು 570 ಗ್ರಾಂ. ಮದುವೆ ಶೂಟ್ ಅಂದರೆ ದುಡಿಮೆಯೇ. "ಸಣ್ಣ ಡ್ರೋನ್, ಲೈಸೆನ್ಸ್ ಬೇಕಾಗಿಲ್ಲ" ಅಂತ ಬಾಡಿಗೆಗೆ ಕೊಡುವಾಗ ಹೇಳಿದ್ದೂ ಅವನೇ, ಈಗ ಹೆದರಿಸುತ್ತಿರುವುದೂ ಅವನೇ. ನನ್ನ ತಪ್ಪು ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೊನೆಗೆ ಡಿಪಾಜಿಟ್ ಬಿಟ್ಟು ಇನ್ನೂ 30,000 ಕೊಟ್ಟು ಮುಗಿಸಿದೆ. ಹೆಂಡತಿಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ಬಾಡಿಗೆಗೆ ತರುವವರೇ, ಇನ್ಶೂರೆನ್ಸ್ ಕಾಗದವನ್ನು ನಿಮ್ಮ ಮೊಬೈಲಿಗೆ ಹಾಕಿಸಿಕೊಂಡು ಸೀರಿಯಲ್ ನಂಬರ್ ಅಲ್ಲೇ ತಾಳೆ ನೋಡಿ. ನೋಂದಣಿ ನಂಬರ್ ಕೇಳಿ. ಕಳೆದುಹೋದರೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಸೇತುವೆ ಕೆಳಗೆ ಮಾತ್ರ ಬೇಡವೇ ಬೇಡ. ಎಷ್ಟೇ ಕೈ ಪಳಗಿರಲಿ, ಬೇಡ. ಆ ಶಾಟ್ ಬೇಕೇ ಬೇಕು ಅಂದರೆ ಪಕ್ಕದಿಂದ, ದೂರದಿಂದ ತೆಗೆಯಿರಿ.

ಇಷ್ಟು ದಿನ ನಾಚಿಕೆಯಿಂದ ಸುಮ್ನೆ ಇದ್ದೆ. ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೆಮೊರಿ ಕಾರ್ಡ್ ನೀರು ಪಾಲಾದರೂ ನನ್ನ ಮೊಬೈಲ್ ಆ್ಯಪ್‌ನಲ್ಲಿ ಆ ಹಾರಾಟದ ಮಸುಕಾದ ವಿಡಿಯೋ ಉಳಿದಿತ್ತು. ಏನಾಯಿತು ಅಂತ ತೋರಿಸಲು ಅವನಿಗೆ ಕಳಿಸಿದ್ದೆ. ನಿನ್ನೆ ರಾತ್ರಿ ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದೇ ವಿಡಿಯೋ ಇದೆ. ಕಂಬಗಳ ನಡುವೆ ನುಗ್ಗುವ ತನಕ ಇಟ್ಟು, ಮುಂದಿನದನ್ನು ಕತ್ತರಿಸಿದ್ದಾನೆ. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ: ಬ್ರಿಜ್ ಶಾಟ್‌ಗೆ ಡ್ರೋನ್ ಬಾಡಿಗೆಗೆ ಸಿಗುತ್ತದೆ, ದಿನಕ್ಕೆ 2,500.